ಪದಚರ್ಚೆ: ‘ಹಿರಿತುದಿ’ ಅಂದರೆ ಯಾವ ತುದಿ?

ನಮಸ್ಕಾರ. ಕ್ಯೂಎಮು ಬಗ್ಗೆ ಹೊಸ ಹುಡುಗರಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಜಾತಿಯ ಪ್ರೊಸೆಸರ್ ಮೇಲೆ ಇನ್ನೊಂದು ಜಾತಿಯ ಕಂಪ್ಯೂಟರನ್ನೇ ನಡೆಸುವ ಸಾಫ್ಟ್‌ವೇರ್ ಅದು. ಒಂದು ಸಂಖ್ಯೆಯ ಬೈಟುಗಳನ್ನು ಮೆಮೊರಿಯಲ್ಲಿ ಯಾವ ಕಡೆಯಿಂದ ಇಡಬೇಕು ಅನ್ನುವುದನ್ನು ಹೇಳುವ ‘ಎಂಡಿಯನ್’ ಅನ್ನುವ ಪದದ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ.

ಹೆಕ್ಸ್‌ನ (ಹದಿನಾರರ ಲೆಕ್ಕದ, ಎರಡು ಅಂಕಿಗೆ ಒಂದು ಬೈಟ್) 12345678 ಅನ್ನುವ ಸಂಖ್ಯೆಯನ್ನು ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರಿನ ಎಸ್390ಎಕ್ಸ್ ಪ್ರೊಸೆಸರ್ ಮೆಮೊರಿಯಲ್ಲಿ 12 34 56 78 ಅಂತ ಇಡುತ್ತದೆ. ಇದು ಬಿಗ್ ಎಂಡಿಯನ್. ನಮ್ಮ ಲ್ಯಾಪ್‌ಟಾಪಿನ ಎಕ್ಸ್86 ಅದನ್ನೇ 78 56 34 12 ಅಂತ ಇಡುತ್ತದೆ. ಇದು ಲಿಟಲ್ ಎಂಡಿಯನ್.

ಈ ವ್ಯತ್ಯಾಸ ನಮಗೆ ಎರಡು ದಿನ ತಿಂದಿತ್ತು. ನಾವು ಕ್ಯೂಎಮುಗೆ ಬರೆದ ಒಂದು ಡಿಸ್ಕ್ ಡಿವೈಸ್ (ಡಿಸ್ಕಿನಂತೆ ನಟಿಸುವ ಕೋಡ್) ಎಕ್ಸ್86ನಲ್ಲಿ ಸಲೀಸಾಗಿ ಓಡುತ್ತಿತ್ತು. ಹೋಸ್ಟ್ (ಕ್ಯೂಎಮು ಓಡುವ ನಿಜವಾದ ಯಂತ್ರ) ಎಸ್390ಎಕ್ಸ್ ಆದಾಗ ಗೆಸ್ಟ್ (ಕ್ಯೂಎಮು ಒಳಗೆ ನಡೆಯುವ ಕಂಪ್ಯೂಟರ್) ‘1 ಬ್ಲಾಕ್ ಕೊಡು’ ಅಂದರೆ ಡಿವೈಸಿಗೆ 1,67,77,216 ಬ್ಲಾಕ್ ಅಂತ ಕೇಳಿಸುತ್ತಿತ್ತು! 01 00 00 00 ಅನ್ನುವುದನ್ನು ಹಿಂದುಮುಂದಾಗಿ ಓದಿದರೆ ಬರುವ ಲೆಕ್ಕ ಅದೇ. ಬೈಟ್ ತಿರುಗಿಸುವ ಒಂದು ಸಾಲು ಬಿಟ್ಟುಹೋಗಿತ್ತು. ಎಕ್ಸ್86ನಲ್ಲಿ ಆ ಸಾಲಿಗೆ ಕೆಲಸವೇ ಇಲ್ಲ, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇದನ್ನು ಬರೆಯುವಾಗ ಮೊದಲು ‘ಹಿರಿತುದಿ, ಕಿರಿತುದಿ’ ಅಂತ ಹಾಕಿದ್ದೆ. ಓದಿದ ಹುಡುಗಿಯೊಬ್ಬಳು ಎರಡನ್ನೂ ಅದಲುಬದಲು ಅರ್ಥ ಮಾಡಿಕೊಂಡಳು. ತಪ್ಪು ಅವಳದಲ್ಲ. ‘ಮೊದಲಿಂದ ತುದಿವರೆಗೆ’ ಅನ್ನುತ್ತೇವೆ ಅಲ್ವಾ? ನಮಗೆ ತುದಿ ಅಂದರೆ ಕೊನೆ. ಹಿರಿತುದಿ ಅಂದರೆ ದೊಡ್ಡದು ಕೊನೆಗೆ ಅಂತಲೇ ಕೇಳಿಸುತ್ತದೆ. ಇಂಗ್ಲಿಷಿನಲ್ಲೂ ಈ ಗೊಂದಲ ಇದೆ. 1980ರಲ್ಲಿ ಡ್ಯಾನಿ ಕೋಹೆನ್ ಈ ಹೆಸರನ್ನು ಗಲಿವರನ ಕಥೆಯಿಂದ ತಂದರು. ಅಲ್ಲಿ ಜಗಳ ಇರುವುದು ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕು ಅಂತ. ಮೊಟ್ಟೆಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಬೈಟಿನ ಸಾಲಿಗೆ ಎರಡೂ ಇವೆ.

ಈಗ ‘ಹಿರಿಮೊದಲು, ಕಿರಿಮೊದಲು’ ಅಂತ ಬರೆಯುತ್ತಿದ್ದೇನೆ. ಒಬ್ಬ ಗೆಳೆಯ ಕಿರಿಮೊದಲಿಗೆ ‘ಬಿಡಿಮೊದಲು’ ಅಂದ. ಬಿಡಿ, ಹತ್ತು, ನೂರು ಅಂತ ಶಾಲೆಯಲ್ಲಿ ಕಲಿತದ್ದು ನೆನಪಿಗೆ ಬರುತ್ತದೆ, ಚೆನ್ನಾಗಿದೆ. ಆದರೆ ಅದರ ಜೋಡಿಗೆ ಏನನ್ನುವುದು?

ಅಂದಹಾಗೆ, ಎರಡು ರೂಢಿಯೂ ನಮ್ಮ ಬಾಯಲ್ಲೇ ಇವೆ. ‘ಇಪ್ಪತ್ತೊಂದು’ ಹಿರಿಮೊದಲು, ಸಂಸ್ಕೃತದ ‘ಏಕವಿಂಶತಿ’ ಕಿರಿಮೊದಲು. ‘ಅಂಕಾನಾಂ ವಾಮತೋ ಗತಿಃ’ (ಅಂಕಿಗಳು ಬಲದಿಂದ ಎಡಕ್ಕೆ ಸಾಗುತ್ತವೆ) ಅನ್ನುವ ಹಳೇ ಮಾತು ಎಕ್ಸ್86ಗೂ ಒಪ್ಪುತ್ತದೆ! ಹಾಗಂತ ‘ವಾಮಗತಿ’ ಅಂತ ಹೆಸರಿಟ್ಟರೆ ಹುಡುಗರು ಓಡಿಹೋದಾರು.

ಹೋಸ್ಟ್, ಗೆಸ್ಟ್ ಹಾಗೇ ಬಿಟ್ಟಿದ್ದೇನೆ. ‘ಆತಿಥೇಯ, ಅತಿಥಿ’ ಬೇಗ ಓದುವಾಗ ಒಂದೇ ಥರ ಕಾಣುತ್ತವೆ. ಇಂಥ ಬಗ್‌ನಲ್ಲಿ ಯಾರ ಬೈಟ್ ಅನ್ನುವುದೇ ಮುಖ್ಯ.

ನನಗೆ ಬೇಕಾಗಿರುವುದು ಎರಡು. ‘ಹಿರಿಮೊದಲು’ ನಿಮ್ಮ ಕಿವಿಗೆ ಸರಿಯಾಗಿ ಕೇಳಿಸುತ್ತದೆಯಾ? ಮತ್ತೆ, ಇವೆರಡಕ್ಕೂ ಸೇರಿದ ‘ಎಂಡಿಯನ್‌ನೆಸ್’ಗೆ ಸುಮ್ನೆ ‘ಬೈಟ್ ಸರದಿ’ ಅಂದರೆ ಸಾಕಾ? ‘ಸರದಿ’ ಅಂದರೆ ಕ್ಯೂ ಅಂದುಕೊಂಡುಬಿಡುತ್ತಾರೇನೋ ಅನ್ನುವ ಅಳುಕಿದೆ, ಡಿವೈಸ್ ಕೋಡ್‌ನಲ್ಲಿ ಕ್ಯೂಗಳೇ ಜಾಸ್ತಿ.