ಪಿಎಂ-ವಾಣಿ ವೈಫೈ ಬೆಳಿಗ್ಗೆ ಸರಿ, ಸಂಜೆ 4ಕ್ಕೆ ಹೊಸಬರಿಗೆ ಲಾಗಿನ್ ಪೇಜ್ ಬರಲ್ಲ [ಪರಿಹಾರ ಸಿಕ್ಕಿದೆ]

ಜೆರಾಕ್ಸ್ ಅಂಗಡಿ, ಹಾಸನ

ಎಲ್ಲರಿಗೂ ನಮಸ್ಕಾರ. ಬಸ್ ಸ್ಟಾಪ್ ಎದುರು ನಮ್ಮದೊಂದು ಜೆರಾಕ್ಸ್ ಅಂಗಡಿ ಇದೆ. ಅಪ್ಪನ ಕಾಲದಲ್ಲಿ ಇದೇ ಜಾಗದಲ್ಲಿ ಎಸ್‌ಟಿಡಿ ಬೂತ್ ಇತ್ತು. ಹೋದ ವರ್ಷ ಪಿಎಂ-ವಾಣಿಯಲ್ಲಿ (ಅಂಗಡಿಗಳ ಮೂಲಕ ಜನರಿಗೆ ವೈಫೈ ಕೊಡಿಸುವ ಕೇಂದ್ರ ಸರ್ಕಾರದ ಯೋಜನೆ) ಪಿಡಿಒ, ಅಂದರೆ ವೈಫೈ ಕೊಡುವ ಅಂಗಡಿ (ಪಬ್ಲಿಕ್ ಡೇಟಾ ಆಫೀಸ್) ಆಗಿ, ಅಂಗಡಿ ಮುಂದೆ ವೈಫೈ ಹಾಕಿದೆ. ಕೂಪನ್ ಕೊಡುವುದು, ಲಾಗಿನ್, ಲೆಕ್ಕ ಎಲ್ಲಾ ಪಿಡಿಒಎ (ಇಂಥ ಅಂಗಡಿಗಳನ್ನು ಒಟ್ಟಿಗೆ ನೋಡಿಕೊಳ್ಳುವ) ಕಂಪನಿಯವರ ಕಡೆಯಿಂದ ನಡೆಯುತ್ತದೆ. ಲೈನ್ 100 ಎಂಬಿಪಿಎಸ್ ಫೈಬರ್. ಫೈಬರ್ ಬಾಕ್ಸಿನಿಂದ ಒಂದು ಕೇಬಲ್ ವೈಫೈ ರೂಟರಿಗೆ ಹೋಗುತ್ತದೆ, ಅಷ್ಟೆ.

ಸಮಸ್ಯೆ ಇದು. ಬೆಳಿಗ್ಗೆ ಅಂಗಡಿ ತೆಗೆದಾಗ ಚೆನ್ನಾಗಿ ಓಡುತ್ತದೆ. ಮಧ್ಯಾಹ್ನದವರೆಗೂ ತೊಂದರೆ ಇಲ್ಲ. ಸಂಜೆ 4ರ ಹೊತ್ತಿಗೆ, ಕಾಲೇಜು ಬಿಟ್ಟು ಮಕ್ಕಳು ಬರುವ ಸಮಯಕ್ಕೆ ಸರಿಯಾಗಿ, ಹೊಸಬರಿಗೆ ಕನೆಕ್ಟ್ ಆಗಲ್ಲ. ಲಾಗಿನ್ ಪೇಜೇ ಬರಲ್ಲ. ಆದರೆ ಆಗಲೇ ಕನೆಕ್ಟ್ ಆಗಿ ಕೂತವರಿಗೆ ನೆಟ್ ಓಡುತ್ತಲೇ ಇರುತ್ತದೆ! ರೂಟರ್ ಆಫ್ ಮಾಡಿ ಆನ್ ಮಾಡಿದರೆ ಎಲ್ಲಾ ಸರಿ.

ಅಡಾಪ್ಟರ್ ಬದಲಿಸಿದೆ. ಬಿಸಿ ಆಗುತ್ತಿರಬಹುದು ಅಂತ ರೂಟರನ್ನು ಫ್ಯಾನ್ ಕೆಳಗೆ ಇಟ್ಟೆ. ದೊಡ್ಡ ಆಂಟೆನಾಗೆ ದುಡ್ಡು ಹಾಕಿದೆ. ಯಾವುದರಿಂದಲೂ ಪ್ರಯೋಜನ ಆಗಲಿಲ್ಲ. ತಿಂಗಳ ಕೊನೆಗೆ ಡೇಟಾ ಮುಗಿದ ಹುಡುಗರು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಲು ಹಳ್ಳಿಯಿಂದ ಬಂದವರು ನನ್ನ ಮುಂದೆ ಫೋನ್ ಹಿಡಿದು ನಿಂತಿರುತ್ತಾರೆ. ವಾಪಸ್ ಕಳಿಸೋಕೆ ಮನಸ್ಸು ಬರಲ್ಲ. ದಯವಿಟ್ಟು ದಾರಿ ತೋರಿಸಿ.

ಕೇಬಲ್ ಕೆಲಸ, ತುಮಕೂರು

ಅಣ್ಣಾ, ಸಂಜೆ ಹೊತ್ತು ಅಕ್ಕಪಕ್ಕದ ಅಂಗಡಿಗಳ ವೈಫೈ ಎಲ್ಲಾ ಆನ್ ಇರುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನಲ್ ಮೂರೇ: 1, 6, 11. ಆಟೋ ಬಿಟ್ಟು, ಇವುಗಳಲ್ಲಿ ಯಾವುದು ಖಾಲಿ ಇದೆಯೋ ಅದಕ್ಕೆ ಹಾಕಿ ನೋಡಿ.

ಜೆರಾಕ್ಸ್ ಅಂಗಡಿ, ಹಾಸನ

11ಕ್ಕೆ ಹಾಕಿದೆ ಸರ್. ಸ್ಪೀಡ್ ಸ್ವಲ್ಪ ಜಾಸ್ತಿ ಆಯಿತು. ಆದರೆ ಇವತ್ತೂ 4 ಗಂಟೆ ದಾಟಿದ ಮೇಲೆ ಅದೇ ಕತೆ.

ಹಾಸ್ಟೆಲ್ ನೆಟ್‌ವರ್ಕ್, ದಾವಣಗೆರೆ

ಹಳಬರಿಗೆ ಓಡುತ್ತದೆ, ಹೊಸಬರಿಗೆ ಇಲ್ಲ ಅಂದಿರಲ್ಲ, ಅಲ್ಲೇ ಸುಳಿವು ಇದೆ. ಸಿಗ್ನಲ್ ತೊಂದರೆ ಆಗಿದ್ದರೆ ಎಲ್ಲರಿಗೂ ಆಗಬೇಕಿತ್ತು. ಲೈನ್ ಹೋಗಿದ್ದರೂ ಎಲ್ಲರಿಗೂ ಹೋಗಬೇಕಿತ್ತು. ನನಗೆ ಮೂರು ವಿಷಯ ಬೇಕು.

ಭಾನುವಾರ ಹೇಗಿರುತ್ತದೆ? ರಾತ್ರಿ ರೂಟರ್ ಆನ್ ಇರುತ್ತದಾ? ಆಗದೇ ಇರುವ ಒಂದು ಫೋನಿನಲ್ಲಿ ಆ ವೈಫೈ ಹೆಸರು ಒತ್ತಿ, ವಿವರದಲ್ಲಿ ಐಪಿ ಅಡ್ರೆಸ್ (ರೂಟರ್ ಆ ಫೋನಿಗೆ ಕೊಡುವ ನಂಬರ್) ಏನು ತೋರಿಸುತ್ತದೆ ಅಂತ ನೋಡಿ. ಸಾಧ್ಯವಾದರೆ ರೂಟರಿನ ಸೆಟಿಂಗ್‌ನಲ್ಲಿ ಡಿಎಚ್‌ಸಿಪಿ (ಫೋನ್‌ಗಳಿಗೆ ಅಡ್ರೆಸ್ ಹಂಚುವ ಭಾಗ) ಪುಟದ ಫೋಟೋ ಹಾಕಿ.

ಜೆರಾಕ್ಸ್ ಅಂಗಡಿ, ಹಾಸನ

ಭಾನುವಾರ ದಿನವಿಡೀ ಏನೂ ತೊಂದರೆ ಇಲ್ಲ. ನೀವು ಕೇಳುವವರೆಗೂ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ರಾತ್ರಿ ಮೇನ್ ಆಫ್ ಮಾಡಿ ಬಾಗಿಲು ಹಾಕುತ್ತೇನೆ.

ಒಬ್ಬ ಹುಡುಗನ ಐಫೋನಿನಲ್ಲಿ ನೋಡಿದೆ. 169.254 ಅಂತ ಶುರುವಾಗುವ ನಂಬರ್ ಇತ್ತು. ಇನ್ನೊಬ್ಬರ ಆಂಡ್ರಾಯ್ಡ್‌ನಲ್ಲಿ ‘ಐಪಿ ಅಡ್ರೆಸ್ ಪಡೆಯಲಾಗುತ್ತಿದೆ’ ಅಂತ ಸುಮ್ನೆ ತಿರುಗುತ್ತಲೇ ಇತ್ತು.

ಡಿಎಚ್‌ಸಿಪಿ ಪುಟದಲ್ಲಿ ಇರುವುದು: ಶುರು 192.168.0.100, ಕೊನೆ 192.168.0.199. ಲೀಸ್ ಟೈಮ್ 1440 ನಿಮಿಷ. ಕೆಳಗೆ ಕ್ಲೈಂಟ್ ಪಟ್ಟಿ ಬಹಳ ಉದ್ದ ಇದೆ. ಎಣಿಸಿದೆ, ಸರಿಯಾಗಿ 100.

ಹಾಸ್ಟೆಲ್ ನೆಟ್‌ವರ್ಕ್, ದಾವಣಗೆರೆ

ಕಾರಣ ಸಿಕ್ಕಿತು. ನಿಮ್ಮ ರೂಟರ್ ಕೆಟ್ಟಿಲ್ಲ. ಕೊಡಲು ಅದರ ಹತ್ತಿರ ಅಡ್ರೆಸ್ ಉಳಿದಿಲ್ಲ.

ದೇವಸ್ಥಾನದ ಮುಂದೆ ಚಪ್ಪಲಿ ಸ್ಟ್ಯಾಂಡ್ ಇರುತ್ತದಲ್ಲ, ಹಾಗೆ ಅಂದುಕೊಳ್ಳಿ. ಅವನ ಹತ್ತಿರ ಇರುವುದೇ 100 ಟೋಕನ್. ಬಂದವರು ಟೋಕನ್ ಜೇಬಿಗೆ ಹಾಕಿಕೊಂಡು, ವಾಪಸ್ ಕೊಡದೆ ಬಸ್ ಹತ್ತಿ ಹೋಗುತ್ತಿದ್ದಾರೆ. ಅವನೋ, ‘ನಾಳೆ ಇದೇ ಹೊತ್ತಿನವರೆಗೂ ಈ ಟೋಕನ್ ಅವರದ್ದೇ’ ಅಂತ ಕಾಯುತ್ತಾನೆ. ಒಂದು ಅಡ್ರೆಸ್ ಒಬ್ಬರ ಹೆಸರಿನಲ್ಲಿ ಇರುವ ಅವಧಿಯೇ ಲೀಸ್ ಟೈಮ್. 1440 ನಿಮಿಷ ಅಂದರೆ 24 ಗಂಟೆ. ಮನೆಯಲ್ಲಿ ಹತ್ತು ಫೋನ್ ಇದ್ದರೆ ಇದು ಸರಿ. ಬಸ್ ಸ್ಟಾಪ್‌ಗೆ ಸರಿಹೋಗಲ್ಲ.

ಇನ್ನೊಂದು ವಿಷಯ. ಒಮ್ಮೆ ನಿಮ್ಮ ವೈಫೈ ಬಳಸಿದ ಫೋನ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಬಸ್ ಅಲ್ಲಿ ಒಂದು ನಿಮಿಷ ನಿಂತರೂ ಸಾಕು. ಜೇಬಿನಲ್ಲೇ ಇದ್ದು, ತಾನೇ ಕನೆಕ್ಟ್ ಆಗಿ ಒಂದು ಅಡ್ರೆಸ್ ತೆಗೆದುಕೊಂಡು ಹೋಗುತ್ತದೆ. ಕೂಪನ್ ಕೊಳ್ಳಲಿ ಬಿಡಲಿ, ಲಾಗಿನ್ ಆಗಲಿ ಬಿಡಲಿ, ಅಡ್ರೆಸ್ ಹೋಯಿತು. ಅಂದರೆ ನಿಮ್ಮ ವೈಫೈ ಜನಕ್ಕೆ ಹಿಡಿಸಿದಷ್ಟೂ ಈ ತೊಂದರೆ ಜಾಸ್ತಿ. ಭಾನುವಾರ ಕಾಲೇಜಿಲ್ಲ, 100 ತುಂಬುವುದಿಲ್ಲ. ರಾತ್ರಿ ಕರೆಂಟ್ ತೆಗೆದಾಗ ಪಟ್ಟಿ ಅಳಿಸಿ ಹೋಗುತ್ತದೆ, ಬೆಳಿಗ್ಗೆ ಮತ್ತೆ 100 ಖಾಲಿ. 169.254 ಅಂದರೆ ಯಾರೂ ಅಡ್ರೆಸ್ ಕೊಡದಿದ್ದಾಗ ಫೋನ್ ತಾನೇ ಹಾಕಿಕೊಳ್ಳುವ ನಂಬರ್. ಅದನ್ನು ಕಂಡರೆ ಆಂಟೆನಾ, ಅಡಾಪ್ಟರ್ ಕಡೆಗೆ ನೋಡುವುದೇ ಬೇಡ.

ಲೀಸ್ ಟೈಮ್ 1440 ಇರುವ ಜಾಗದಲ್ಲಿ 30 ಹಾಕಿ, ಸೇವ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಸದ್ಯಕ್ಕೆ ಬೇರೆ ಏನೂ ಮುಟ್ಟಬೇಡಿ. ಎರಡು ದಿನ ನೋಡಿ.

ಜೆರಾಕ್ಸ್ ಅಂಗಡಿ, ಹಾಸನ

ಒಂದು ಅನುಮಾನ ಸರ್. 30 ನಿಮಿಷ ಅಂದರೆ ಅರ್ಧ ಗಂಟೆಗೊಮ್ಮೆ ಎಲ್ಲರ ನೆಟ್ ಕಟ್ ಆಗುತ್ತದಾ? ಒಬ್ಬರು ಅರ್ಜಿ ತುಂಬುತ್ತಾ ಇರುತ್ತಾರೆ, ನಡುವೆ ಹೋದರೆ ಮೊದಲಿಂದ ಶುರು ಮಾಡಬೇಕು.

ಹಾಸ್ಟೆಲ್ ನೆಟ್‌ವರ್ಕ್, ದಾವಣಗೆರೆ

ಇಲ್ಲ. ಅರ್ಧ ಅವಧಿ ಕಳೆಯುತ್ತಿದ್ದ ಹಾಗೆ, ಅಂದರೆ 15 ನಿಮಿಷಕ್ಕೆ, ಫೋನ್ ತಾನಾಗಿ ‘ನಾನಿನ್ನೂ ಇಲ್ಲೇ ಇದ್ದೇನೆ’ ಅಂತ ರೂಟರಿಗೆ ಹೇಳುತ್ತದೆ. ಅದೇ ಅಡ್ರೆಸ್ ಮುಂದುವರಿಯುತ್ತದೆ, ಬಳಸುವವರಿಗೆ ಗೊತ್ತೇ ಆಗಲ್ಲ. ಎದ್ದು ಹೋದವರ ಅಡ್ರೆಸ್ ಮಾತ್ರ ವಾಪಸ್ ಬರುತ್ತದೆ.

ಜೆರಾಕ್ಸ್ ಅಂಗಡಿ, ಹಾಸನ

ಎರಡು ದಿನ ಆಯಿತು. ಒಮ್ಮೆಯೂ ರೀಸ್ಟಾರ್ಟ್ ಮಾಡಿಲ್ಲ! ಸಂಜೆ 5ಕ್ಕೆ ಪಟ್ಟಿಯಲ್ಲಿ 61 ಇತ್ತು. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಆದರೆ ಇವತ್ತು ಪರೀಕ್ಷೆ ಮುಗಿದು ಎರಡು ಕಾಲೇಜು ಒಟ್ಟಿಗೆ ಬಿಟ್ಟವು. 97ಕ್ಕೆ ಹೋಯಿತು. ಜಾಗ ಜಾಸ್ತಿ ಮಾಡಬಹುದಾ?

ಕೇಬಲ್ ಕೆಲಸ, ತುಮಕೂರು

ಮಾಡಬಹುದು ಅಣ್ಣಾ. ಸಬ್‌ನೆಟ್ ಮಾಸ್ಕ್ (ಒಳಗೆ ಎಷ್ಟು ಅಡ್ರೆಸ್ ಇರಬಹುದು ಅಂತ ಹೇಳುವ ಸಂಖ್ಯೆ) 255.255.255.0 ಇರುತ್ತದೆ. ಅದನ್ನು 255.255.252.0 ಮಾಡಿದರೆ 1022 ಅಡ್ರೆಸ್ ಸಿಗುತ್ತದೆ. ಡಿಎಚ್‌ಸಿಪಿ ಕೊನೆಯ ನಂಬರನ್ನೂ ಮುಂದಕ್ಕೆ ಹಾಕಿ.

ಜೆರಾಕ್ಸ್ ಅಂಗಡಿ, ಹಾಸನ

ಹಾಗೇ ಮಾಡಿದೆ. ಈಗ ಯಾರಿಗೂ ನೆಟ್ ಇಲ್ಲ. ಫೋನಿಗೆ ಅಡ್ರೆಸ್ ಬರುತ್ತಿದೆ, 169.254 ಅಲ್ಲ. ಆದರೆ ಲಾಗಿನ್ ಪೇಜ್ ಇಲ್ಲ, ಅಂಗಡಿ ಕಂಪ್ಯೂಟರಿಗೂ ಇಲ್ಲ. ಫೈಬರ್ ಬಾಕ್ಸಿನ ಲೈಟ್ ಹಸಿರೇ ಇದೆ. ಬೇಗ ಯಾರಾದರೂ ಹೇಳಿ, ನಾಳೆ ಬೆಳಿಗ್ಗೆ ಅರ್ಜಿ ಹಾಕುವವರು ಬರುತ್ತಾರೆ.

ಹಾಸ್ಟೆಲ್ ನೆಟ್‌ವರ್ಕ್, ದಾವಣಗೆರೆ

ಗಾಬರಿ ಬೇಡ. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಫೈಬರ್ ಬಾಕ್ಸಿನ ಕಡೆ ರೂಟರಿಗೆ ಇರುವ ಅಡ್ರೆಸ್) ಅಂತ ಇರುತ್ತದೆ. ಅದು ಎಷ್ಟು?

ಜೆರಾಕ್ಸ್ ಅಂಗಡಿ, ಹಾಸನ

192.168.1.5. ಗೇಟ್‌ವೇ 192.168.1.1.

ಹಾಸ್ಟೆಲ್ ನೆಟ್‌ವರ್ಕ್, ದಾವಣಗೆರೆ

ಅದೇ ನೋಡಿ. ನಿಮ್ಮ ಫೈಬರ್ ಬಾಕ್ಸ್ ಕೂಡ ಒಂದು ರೂಟರ್. ಅದರ ಅಡ್ರೆಸ್ 192.168.1.1. ಮೊದಲು ನಿಮ್ಮ ವೈಫೈ ರೂಟರಿನ ಒಳಗಿನ ಜಾಗ 192.168.0ರಲ್ಲಿ ಮುಗಿಯುತ್ತಿತ್ತು. ಇಬ್ಬರಿಗೂ ಬೇರೆ ಬೇರೆ ಬೀದಿ. ಮಾಸ್ಕ್ 252 ಮಾಡಿದ ಕೂಡಲೇ ಒಳಗಿನ ಜಾಗ 192.168.0.0ಯಿಂದ 192.168.3.255ರವರೆಗೆ ಹರಡಿತು. ಫೈಬರ್ ಬಾಕ್ಸಿನ 1.1 ಅದರೊಳಗೇ ಸೇರಿಹೋಯಿತು. ಹೊರಗೆ ಕಳಿಸಬೇಕಾದದ್ದು ಯಾವ ಕಡೆ ಇದೆ ಅಂತ ರೂಟರಿಗೆ ಗೊಂದಲ. ಕೇಬಲ್ ಕೆಲಸದವರು ಹೇಳಿದ ಲೆಕ್ಕ ಸರಿಯೇ. ಇಂಥ ಎರಡು ರೂಟರ್ ಸಾಲಾಗಿ ಇದ್ದಾಗ ಮೊದಲು ವ್ಯಾನ್ ಐಪಿ ನೋಡಿಕೊಳ್ಳಬೇಕು.

ಹೀಗೆ ಮಾಡಿ. ವೈಫೈ ರೂಟರಿನ ಲ್ಯಾನ್ ಐಪಿ (ಒಳಗಿನ ಕಡೆಯ ಅಡ್ರೆಸ್) 10.10.0.1 ಮಾಡಿ. ಮಾಸ್ಕ್ 255.255.252.0 ಹಾಗೇ ಇರಲಿ. ಡಿಎಚ್‌ಸಿಪಿ ಶುರು 10.10.0.50, ಕೊನೆ 10.10.3.250. ಇಷ್ಟರಲ್ಲಿ 900ಕ್ಕೂ ಜಾಸ್ತಿ ಅಡ್ರೆಸ್ ಇದೆ. ಲೀಸ್ 30 ನಿಮಿಷವೇ ಇರಲಿ. ಸೇವ್ ಆದ ಮೇಲೆ ಸೆಟಿಂಗ್ ಪುಟ ತೆರೆಯಲು ಹೊಸ ಅಡ್ರೆಸ್ ಹಾಕಬೇಕು, ಹಳೆಯದು ಬರಲ್ಲ. ಜೊತೆಗೆ ಪಿಡಿಒಎಯವರಿಗೆ ಫೋನ್ ಮಾಡಿ, ಗೇಟ್‌ವೇ, ಅಂದರೆ ರೂಟರಿನ ಅಡ್ರೆಸ್, ಬದಲಾಗಿದೆ ಅಂತ ಹೇಳಿ. ಕೆಲವರ ಲಾಗಿನ್ ಪೇಜ್ ಹಳೆಯ ಅಡ್ರೆಸ್ಸಿಗೇ ಕಳಿಸುತ್ತಿರುತ್ತದೆ.

ಹಾಗೇ ‘ಎಪಿ ಐಸೊಲೇಶನ್’ ಅಥವಾ ‘ಕ್ಲೈಂಟ್ ಐಸೊಲೇಶನ್’ ಅಂತ ಇದ್ದರೆ ಆನ್ ಮಾಡಿ. ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ತಲುಪಲು ಆಗಬಾರದು. ಬೀದಿಯ ವೈಫೈಗೆ ಇದು ಇರಲೇಬೇಕು. ನಾನು ಹೋದ ಕಡೆಯೆಲ್ಲಾ ಮೊದಲು ನೋಡುವುದೇ ಇದನ್ನು.

ಜೆರಾಕ್ಸ್ ಅಂಗಡಿ, ಹಾಸನ

ಬಂತು! ಪಿಡಿಒಎಯವರು ಅವರ ಕಡೆಯಿಂದ ಅಡ್ರೆಸ್ ಬದಲಿಸಿದ ಮೇಲೆ ಲಾಗಿನ್ ಪೇಜ್ ಕೂಡ ಬಂತು. ಐಸೊಲೇಶನ್ ಆನ್ ಮಾಡಿದ್ದೇನೆ.

ಇನ್ನು ಉಳಿದಿರುವುದು ಚಿಲ್ಲರೆ ತೊಂದರೆ. ದಿನಕ್ಕೆ ಎರಡು ಮೂರು ಫೋನಿನಲ್ಲಿ ಅಡ್ರೆಸ್ ಸರಿಯಾಗಿ ಬಂದರೂ ಪೇಜ್ ಬರಲ್ಲ. ಒಂದರಲ್ಲಿ ‘ಪ್ರೈವೇಟ್ ಡಿಎನ್‌ಎಸ್ ಸರ್ವರ್ ತಲುಪಲಾಗುತ್ತಿಲ್ಲ’ ಅಂತ ಇತ್ತು.

ಹಾಸ್ಟೆಲ್ ನೆಟ್‌ವರ್ಕ್, ದಾವಣಗೆರೆ

ಇದು ನಿಮ್ಮ ಕಡೆಯ ತಪ್ಪಲ್ಲ. ವೈಫೈ ಸಿಕ್ಕ ಕೂಡಲೇ ಫೋನ್ ಒಂದು ಗೊತ್ತಾದ ವಿಳಾಸಕ್ಕೆ ಸಣ್ಣ ಪ್ರಶ್ನೆ ಕಳಿಸುತ್ತದೆ. ಆಂಡ್ರಾಯ್ಡ್‌ಗೆ ‘204’ ಅಂತ ಖಾಲಿ ಉತ್ತರ ಬಂದರೆ ನೆಟ್ ಇದೆ ಅಂತ ಅರ್ಥ. ಐಫೋನಿಗೂ ಇಂಥದೇ ಒಂದು ಪರೀಕ್ಷೆ ಇದೆ. ಲಾಗಿನ್ ಆಗುವ ಮೊದಲು ಆ ಪ್ರಶ್ನೆಯನ್ನು ನಿಮ್ಮ ರೂಟರ್ ನಡುವೆ ಹಿಡಿದು, ‘ಮೊದಲು ಈ ಪೇಜಿಗೆ ಬಾ’ ಅನ್ನುತ್ತದೆ. ಆಗಲೇ ಫೋನಿನಲ್ಲಿ ಸೈನ್ ಇನ್ ಪರದೆ ಬರುವುದು.

ಜಾಹೀರಾತು ತಡೆಯಲು ಪ್ರೈವೇಟ್ ಡಿಎನ್‌ಎಸ್ (ಸೈಟಿನ ಹೆಸರಿಗೆ ಅಡ್ರೆಸ್ ಹುಡುಕಿಕೊಡುವ ಬೇರೆ ಸರ್ವರ್) ಹಾಕಿಕೊಂಡವರ ಕೆಲವು ಫೋನ್‌ಗಳಲ್ಲಿ, ಯಾವಾಗಲೂ ವಿಪಿಎನ್ (ನೆಟ್ಟನ್ನು ಬೇರೆ ಸರ್ವರ್ ಮೂಲಕ ಗುಟ್ಟಾಗಿ ಕಳಿಸುವ ಆ್ಯಪ್) ಆನ್ ಇಟ್ಟವರ ಫೋನ್‌ಗಳಲ್ಲಿ ಈ ಪ್ರಶ್ನೆ-ಉತ್ತರ ನಡೆಯುವುದೇ ಇಲ್ಲ. ಲಾಗಿನ್ ಆಗುವವರೆಗೆ ವಿಪಿಎನ್ ಆಫ್, ಪ್ರೈವೇಟ್ ಡಿಎನ್‌ಎಸ್ ‘ಆಟೊಮ್ಯಾಟಿಕ್’. ಆಮೇಲೆ ಬೇಕಾದರೆ ಮತ್ತೆ ಆನ್ ಮಾಡಿಕೊಳ್ಳಲಿ. ಅದಕ್ಕೂ ಬರದಿದ್ದರೆ ಬ್ರೌಸರಿನಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ತೆರೆಯಲು ಹೇಳಿ. ಅದು ಎಚ್‌ಟಿಟಿಪಿಎಸ್ (ನಡುವೆ ಯಾರೂ ಬದಲಿಸದಂತೆ ಇರುವ ಬೀಗ) ಇಲ್ಲದ ಪುಟ. ರೂಟರ್ ಅದನ್ನು ಹಿಡಿದು ಲಾಗಿನ್ ಪೇಜಿಗೆ ತಿರುಗಿಸಬಲ್ಲದು. ಬ್ಯಾಂಕಿನ ಪುಟ ತೆರೆದು ನೋಡಿದರೆ ಬರೀ ಎಚ್ಚರಿಕೆ ಬರುತ್ತದೆ, ಜನ ಹೆದರುತ್ತಾರೆ.

ಶಿರಸಿಯಿಂದ

ನಡುವೆ ಬಂದಿದ್ದಕ್ಕೆ ಬೇಜಾರಾಗಬೇಡಿ. ನಮ್ಮ ಊರಿನ ಕಡೆ ಮೊಬೈಲ್ ಸಿಗ್ನಲ್ ಬಹಳ ಕಮ್ಮಿ. ನನ್ನ ಹೊಲಿಗೆ ಅಂಗಡಿಗೆ ಫೈಬರ್ ಬಂದಿದೆ. ನಾನೂ ಹೀಗೆ ವೈಫೈ ಕೊಡಬಹುದಾ? ಲೈಸೆನ್ಸ್ ಬೇಕಾ?

ಜೆರಾಕ್ಸ್ ಅಂಗಡಿ, ಹಾಸನ

ಕೊಡಬಹುದು ಮೇಡಂ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಪಿಎಂ-ವಾಣಿ ಒಪ್ಪಿದಾಗಲೇ, ಪಿಡಿಒ ಆಗುವ ಅಂಗಡಿಗೆ ಲೈಸೆನ್ಸ್ ಬೇಡ, ನೋಂದಣಿ ಬೇಡ, ಶುಲ್ಕವೂ ಇಲ್ಲ ಅಂತ ಹೇಳಿದ್ದಾರೆ. ದೂರಸಂಪರ್ಕ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕಾದವರು ಪಿಡಿಒಎ ಕಂಪನಿಯವರು. ನೀವು ಅಂಥ ಒಬ್ಬರ ಜೊತೆ ಸೇರಿದರೆ ಸಾಕು.

ನನಗೆ ಶುರುವಿನಲ್ಲಿ ಕಷ್ಟ ಆಗಿದ್ದು ಲೈನಿನ ಬಾಡಿಗೆ. ಅಂಗಡಿ ಅಂದ ಕೂಡಲೇ ದುಬಾರಿ ಪ್ಲಾನ್ ಹೇಳುತ್ತಿದ್ದರು. 2025ರ ಜೂನ್‌ನಲ್ಲಿ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಒಂದು ಆದೇಶ ಮಾಡಿದೆ. 200 ಎಂಬಿಪಿಎಸ್‌ವರೆಗಿನ ಮನೆ ಫೈಬರ್ ಪ್ಲಾನ್‌ಗಳನ್ನು ಪಿಡಿಒಗಳಿಗೂ ಕೊಡಬೇಕು, ಮನೆಯವರಿಗೆ ಇರುವ ದರದ ಎರಡರಷ್ಟಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಲೈನ್ ಕೇಳುವಾಗ ಈ ಮಾತು ಹೇಳಿ, ಬಿಡಬೇಡಿ. ರೂಟರ್ ತಗೊಳ್ಳುವಾಗ ಲೀಸ್ ಟೈಮ್ ನಾವೇ ಬದಲಿಸಬಹುದಾ ಅಂತ ಪಿಡಿಒಎಯವರನ್ನು ಮೊದಲೇ ಕೇಳಿಕೊಳ್ಳಿ. ಕೆಲವರು ಸೆಟಿಂಗ್ ಲಾಕ್ ಮಾಡಿ ಕೊಡುತ್ತಾರೆ.

ಶಿರಸಿಯಿಂದ

ಬಹಳ ಉಪಕಾರ ಆಯಿತು ಅಣ್ಣಾ. ಓಪನ್ ವೈಫೈ ಅಂದರೆ ಜನ ಹೆದರುತ್ತಾರೆ, ಅದಕ್ಕೇನು ಹೇಳೋದು?

ಹಾಸ್ಟೆಲ್ ನೆಟ್‌ವರ್ಕ್, ದಾವಣಗೆರೆ

ಹೆದರುವುದರಲ್ಲಿ ತಪ್ಪಿಲ್ಲ ಮೇಡಂ. ಬ್ಯಾಂಕ್ ಆ್ಯಪ್, ಯುಪಿಐ ಇವೆಲ್ಲ ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತವೆ, ನಡುವೆ ಯಾರೂ ಓದಲು ಆಗಲ್ಲ. ಅಪಾಯ ಇರುವುದು ನಕಲಿ ಹೆಸರಿನಲ್ಲಿ. ನಿಮ್ಮ ವೈಫೈ ಹೆಸರನ್ನೇ ಇಟ್ಟು ಪಕ್ಕದಲ್ಲಿ ಯಾರು ಬೇಕಾದರೂ ಹಾಟ್‌ಸ್ಪಾಟ್ ಮಾಡಬಹುದು. ಲಾಗಿನ್ ಪೇಜ್ ಕೇಳುವುದು ಮೊಬೈಲ್ ನಂಬರ್, ಒಟಿಪಿ ಅಥವಾ ಕೂಪನ್ ಮಾತ್ರ. ಎಟಿಎಂ ಪಿನ್, ಆಧಾರ್ ನಂಬರ್ ಕೇಳಿದರೆ ಅದು ನಿಮ್ಮದಲ್ಲ ಅಂತ ಬಾಗಿಲಲ್ಲೇ ಬರೆದು ಹಾಕಿ.

ಜೆರಾಕ್ಸ್ ಅಂಗಡಿ, ಹಾಸನ

ಬರೆದು ಹಾಕುವ ವಿಚಾರ ಒಳ್ಳೆಯದು. ನಮ್ಮದೇ ಅಂಗಡಿಯಲ್ಲಿ ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿ ಕೌಂಟರಿಗೆ ಅಂಟಿಸಿದೆ. ಬೇಕಾದವರು ಹಾಗೇ ಬಳಸಿಕೊಳ್ಳಿ:

‘ವೈಫೈ ಪೇಜ್ ಬರುತ್ತಿಲ್ಲವೇ?
ವಿಪಿಎನ್ ಆಫ್ ಮಾಡಿ.
ಪ್ರೈವೇಟ್ ಡಿಎನ್‌ಎಸ್ ಆಟೊಮ್ಯಾಟಿಕ್ ಇಡಿ.
ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ.
ಇಲ್ಲಿ ಪಿನ್ ಕೇಳುವುದಿಲ್ಲ, ಆಧಾರ್ ಕೇಳುವುದಿಲ್ಲ.
ಆಗದಿದ್ದರೆ ಫೋನ್ ನನಗೆ ತೋರಿಸಿ.’