ಪದಚರ್ಚೆ: ಬ್ಯಾಕ್ಟೀರಿಯಾಗೆ ‘ಒತ್ತಡ’, ‘ಶಾಖ ನಿರೋಧಕತೆ’ – ಅಡುಗೆಯವರ ಕೈಪಿಡಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಮಂಡ್ಯ ಕಡೆಯ ಹಾಸ್ಟೆಲ್ ಅಡುಗೆಯವರಿಗಾಗಿ ಆಹಾರ ಸುರಕ್ಷತೆಯ ಕೈಪಿಡಿ ತಿದ್ದುತ್ತಿದ್ದೇನೆ. ಕರಡಿನಲ್ಲಿ ಬ್ಯಾಕ್ಟೀರಿಯಾಗೆ ತೊಂದರೆ ಕೊಡುವ ಬಿಸಿ, ಉಪ್ಪು, ಹುಳಿ, ನೀರಿನ ಕೊರತೆ ಎಲ್ಲವನ್ನೂ ‘ಒತ್ತಡ’ ಎಂದಿದ್ದಾರೆ. ಅದೇ ಪುಟದಲ್ಲಿ ಕುಕ್ಕರಿನ ಒತ್ತಡವೂ ಬರುತ್ತದೆ. ‘ಶಾಖ ನಿರೋಧಕ’ ಅಂದರೆ ಪಾತ್ರೆ ಇಳಿಸುವ ಮಸಿಬಟ್ಟೆ ನೆನಪಾಗುತ್ತದೆ! ಸ್ಪೋರ್‌ಗೆ (ಕೆಲವು ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆ ತಾಳುವ ಗಟ್ಟಿ ರೂಪ) ‘ಬೀಜಾಣು’ ನಡೆಯುತ್ತದೆಯೇ?

---

ಸರ್,

‘ಒತ್ತಡ’ ಕುಕ್ಕರಿಗೇ ಇರಲಿ. ಇಲ್ಲಿಗೆ ‘ಪೆಟ್ಟು’ ಸಾಕು: ಬಿಸಿಪೆಟ್ಟು, ಉಪ್ಪಿನ ಪೆಟ್ಟು, ಹುಳಿಪೆಟ್ಟು. ನಿರೋಧಕತೆಗೆ ‘ತಾಳಿಕೆ’. ಬರ ತಾಳುವ ರಾಗಿ ಎನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ತಾಳಿಕೆ ಬೇರೆ, ಒಗ್ಗಿಕೆ ಬೇರೆ. ಕರಡು ಎರಡನ್ನೂ ಕಲಸಿದೆ. ಸಾಲ್ಮೊನೆಲ್ಲಾ (ಹೊಟ್ಟೆ ಕೆಡಿಸುವ ಒಂದು ಬ್ಯಾಕ್ಟೀರಿಯಾ) 45–48 ಡಿಗ್ರಿಯಲ್ಲಿ ಅರ್ಧ ಗಂಟೆ ಕೂತರೆ ರಕ್ಷಕ ಪ್ರೋಟೀನುಗಳನ್ನು ಮಾಡಿಕೊಳ್ಳುತ್ತದೆ, ಆಮೇಲೆ 60 ಡಿಗ್ರಿಯಲ್ಲೂ ಬೇಗ ಸಾಯುವುದಿಲ್ಲ. ಇದು ಒಗ್ಗಿಕೆ. ಸಾರನ್ನು ಸಣ್ಣ ಉರಿಯಲ್ಲಿ ನಿಧಾನಕ್ಕೆ ಬಿಸಿ ಮಾಡಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಒಣ ಕಡ್ಲೆಕಾಯಿ ಪುಡಿಯಲ್ಲಿ ಅದೇ ಸಾಲ್ಮೊನೆಲ್ಲಾ ಹಾಲಿನಲ್ಲಿಗಿಂತ ಬಹಳ ಹೊತ್ತು ಬಿಸಿ ತಾಳುತ್ತದೆ, ನೀರು ಕಡಿಮೆ ಇರುವುದರಿಂದ. ಇದು ತಾಳಿಕೆ.

‘ಬೀಜಾಣು’ ನಡೆಯುತ್ತದೆ, ಆದರೆ ಒಂದು ಸಾಲು ಸೇರಿಸಿ. ಬೂಷ್ಟಿನ ಬೀಜಾಣು ಸಂತಾನಕ್ಕೆ. ಬ್ಯಾಕ್ಟೀರಿಯಾದಲ್ಲಿ ಒಂದು ಕೋಶಕ್ಕೆ ಒಂದೇ ಬೀಜಾಣು, ಜೀವ ಉಳಿಸಿಕೊಳ್ಳಲಿಕ್ಕೆ. ಒಳಗೆ ನೀರು ತೀರಾ ಕಡಿಮೆ, ಕ್ಯಾಲ್ಸಿಯಂ ಜೊತೆ ಡೈಪಿಕೊಲಿನಿಕ್ ಆಮ್ಲ. ಅದಕ್ಕೇ ಅದನ್ನು ಕೊಲ್ಲಲು ಕುದಿಯುವ ನೀರು ಸಾಲದು.

ಡಿ-ಮೌಲ್ಯಕ್ಕೆ (ಒಂದು ಗೊತ್ತಾದ ಬಿಸಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಾಯಲು ಬೇಕಾದ ಹೊತ್ತು) ‘ಹತ್ತರಲ್ಲಿ ಒಂದಕ್ಕಿಳಿಯುವ ಹೊತ್ತು’ ಅನ್ನಿ. ಬೊಟುಲಿನಂ (ಮಾರಕ ವಿಷ ಬಿಡುವ ಬ್ಯಾಕ್ಟೀರಿಯಾ) ಬೀಜಾಣುವಿಗೆ 121 ಡಿಗ್ರಿಯಲ್ಲಿ ಅದು ಸುಮಾರು 12 ಸೆಕೆಂಡು. ಹುಳಿ ಕಡಿಮೆ ಇರುವ ಡಬ್ಬಿ ಆಹಾರಕ್ಕೆ ಇದರ ಹನ್ನೆರಡು ಪಟ್ಟು, ಅಂದರೆ ಸುಮಾರು ಎರಡೂವರೆ ನಿಮಿಷ ಬೇಕು; ಅದೂ ಡಬ್ಬಿಯ ನಡುವೆ ಆ ಬಿಸಿ ಮುಟ್ಟಿದ ಮೇಲೆ ಎಣಿಸಿದ್ದು.

ಕೊನೆಗೆ, ‘ಚೆನ್ನಾಗಿ ಕುದಿಸಿದರೆ ಅಪಾಯವಿಲ್ಲ’ ಎಂಬ ವಾಕ್ಯ ತೆಗೆಯಿರಿ. ಅನ್ನ ಬೆಂದರೂ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಉಳಿಯುತ್ತದೆ. ಕೊಳಗದಲ್ಲಿ ರಾತ್ರಿಯಿಡೀ ಬೆಚ್ಚಗಿದ್ದರೆ ಮೊಳೆತು ವಾಂತಿ ತರಿಸುವ ವಿಷ ಬಿಡುತ್ತದೆ. ಆ ವಿಷ 121 ಡಿಗ್ರಿಯಲ್ಲಿ 90 ನಿಮಿಷ ಇಟ್ಟರೂ ಕೆಡದು, ಬೆಳಿಗ್ಗೆ ಚಿತ್ರಾನ್ನ ಮಾಡಿದರೆ ಹೋಗುತ್ತದೆಯೇ? ಬದಲಿಗೆ ಹೀಗೆ ಬರೆಯಿರಿ: ‘ಅನ್ನ 60 ಡಿಗ್ರಿಗಿಂತ ಬಿಸಿಯಾಗಿರಲಿ, ಇಲ್ಲವೇ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಎರಡು ಗಂಟೆಯೊಳಗೆ 21 ಡಿಗ್ರಿಗಿಳಿಸಿ ಫ್ರಿಜ್ಜಿಗಿಡಿ, ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಬರಲಿ.’