‘ಕೆಂಪದ’ ಬೇರೆ, ‘ಕೆಂಪಾಗ್ಯದ’ ಬೇರೆ: ಗಾಂಜಾ ಗಿಡದ ಬಣ್ಣಗಳಿಗೆ ಏನನ್ನೋಣ?

ಗೆಳೆಯರೆ, ಕಲಬುರಗಿಯಿಂದ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಡಿಗ್ರಿಯಲ್ಲಿ ಸಸ್ಯಶಾಸ್ತ್ರ ತೆಗೆದುಕೊಂಡ ಹುಡುಗರಿಗಾಗಿ ಒಂದು ಪಾಠ ಬರೆಯುತ್ತಿದ್ದೇನೆ. ಗಿಡಕ್ಕೆ ಬಣ್ಣ ಎಲ್ಲಿಂದ ಬರುತ್ತದೆ, ಆ ಬಣ್ಣ ಏನು ಹೇಳುತ್ತದೆ ಅನ್ನುವುದು ವಿಷಯ. ಉದಾಹರಣೆಗೆ ಇಟ್ಟುಕೊಂಡದ್ದು ಗಾಂಜಾ ಗಿಡ. ಹಸಿರು, ಹಳದಿ, ಕೆಂಪು, ನೇರಳೆ, ಕಿತ್ತಳೆ, ಇಷ್ಟೂ ಒಂದೇ ಜಾತಿಯ ಗಿಡದಲ್ಲಿ ಸಿಗುತ್ತವೆ, ಅದಕ್ಕೆ. ವಿಜ್ಞಾನ ಬರೆಯುವುದು ಕಷ್ಟವಾಗಲಿಲ್ಲ. ಬಣ್ಣದ ಮಾತುಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ನಿಮ್ಮ ಸಹಾಯ ಬೇಕು.

ಮೊದಲ ಕರಡಿನಲ್ಲಿ ‘ನೇರಳೆ ಎಲೆ’ ಅಂತ ಬರೆದಿದ್ದೆ. ಅದನ್ನು ಓದಿದ ಹುಡುಗಿಯೊಬ್ಬಳು, "ಸರ್, ಗಾಂಜಾ ಪಾಠದಾಗ ನೇರಳೆ ಗಿಡದ ಎಲಿ ಯಾಕ್ ಬಂತ್ರಿ?" ಅಂದಳು. ಅವಳು ಕೇಳಿದ್ದು ಸರಿಯೇ ಇದೆ. ನೇರಳೆ ಮರದ ಎಲೆ ಹಚ್ಚ ಹಸಿರು. ಹೆಸರು ಹಣ್ಣಿನದು, ಬಣ್ಣವೂ ಹಣ್ಣಿನದು, ಎಲೆಯ ಪಕ್ಕದಲ್ಲಿ ಆ ಪದ ಇಟ್ಟ ಕೂಡಲೇ ಮರ ಕಣ್ಣ ಮುಂದೆ ಬರುತ್ತದೆ. ಬೇರೆ ಪದ ಹುಡುಕಿದರೆ ನಮ್ಮ ಕಡೆಯೇ ಒಂದೊಂದು ಊರಲ್ಲಿ ಒಂದೊಂದು. ಆಳಂದದ ನಮ್ಮ ಅಜ್ಜಿ ‘ಜಾಂಬಳಿ’ ಅನ್ನುತ್ತಿದ್ದರು, ಮರಾಠಿ ಗಡಿ ಹತ್ತಿರ ಅಲ್ವಾ. ಬೀದರಿನ ಗೆಳೆಯನ ಬಾಯಲ್ಲಿ ಅದು ‘ಊದಾ’. ಸುರಪುರದ ನನ್ನ ಹೆಂಡತಿ ಸೀರೆ ಮುಂದೆ ಹಿಡಿದು ‘ಬದನಿಕಾಯಿ ಬಣ್ಣ’ ಅನ್ನುತ್ತಾಳೆ.

ಈ ಬಣ್ಣ ಕೊಡುವ ವಸ್ತು ಆಂಥೋಸಯನಿನ್. 1835ರಲ್ಲಿ ಜರ್ಮನಿಯ ಮಾರ್ಕ್ವಾರ್ಟ್, ಗ್ರೀಕಿನ ‘ಹೂ’ ಮತ್ತು ‘ಕಡುನೀಲಿ’ ಅನ್ನುವ ಎರಡು ಮಾತು ಕೂಡಿಸಿ ಮಾಡಿದ ಹೆಸರಿನಿಂದ ಇದು ಬಂದಿದೆ. ಹಾಗಾದರೆ ‘ಹೂನೀಲಿ’ ಅನ್ನಬಹುದಲ್ಲ ಅಂತ ಖುಷಿಪಟ್ಟೆ. ಆದರೆ ಇದು ನೀಲಿಯಲ್ಲೇ ನಿಲ್ಲುವ ವಸ್ತುವಲ್ಲ. ಹುಳಿ ಇದ್ದಲ್ಲಿ ಕೆಂಪು, ಹುಳಿ ಕಡಿಮೆಯಾದಂತೆ ನೇರಳೆ, ಇನ್ನೂ ಆಚೆ ಹೋದರೆ ನೀಲಿ. ಅಡುಗೆಮನೆಯಲ್ಲೇ ಮಾಡಿ ನೋಡಿದೆ. ಕೆಂಪು ಪುಂಡಿಯ (ತೆಲುಗಿನವರ ಗೋಂಗೂರ) ಕಾಯಿಯನ್ನು ಸುತ್ತಿಕೊಂಡಿರುವ ದಪ್ಪ ಎಸಳು ಬಿಡಿಸಿ ಕುದಿಸಿದರೆ ನೀರು ದಾಳಿಂಬೆ ರಸದ ಹಾಗೆ ಕೆಂಪಗಾಯಿತು. ಅದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದೆ. ಬುರುಗು ಎದ್ದು, ಇಳಿದು, ನೀರು ಮಸುಕು ನೇರಳೆಗೆ ತಿರುಗಿತು. ನಿಂಬೆಹಣ್ಣು ಹಿಂಡಿದರೆ ಮತ್ತೆ ಕೆಂಪು. ಗಾಂಜಾದಲ್ಲೂ ಒಂದು ಗಿಡ ಕೆಂಪು, ಒಂದು ಗಿಡ ನೇರಳೆ ಕಾಣುವುದಕ್ಕೆ ಜೀವಕೋಶದ ರಸ ಎಷ್ಟು ಹುಳಿ ಅನ್ನುವುದೂ ಒಂದು ಕಾರಣ. ಹೀಗೆ ಕೆಂಪಿಗೂ ನೀಲಿಗೂ ನಡುವೆ ಓಡಾಡುವ ಬಣ್ಣಕ್ಕೆ ‘ಕೆನ್ನೀಲಿ’ ನನಗೆ ತುಂಬಾ ಹಿಡಿಸಿದೆ. ಕೆಂಪೂ ಇದೆ, ನೀಲಿಯೂ ಇದೆ, ಯಾವ ಹಣ್ಣಿನ ನೆನಪೂ ಇಲ್ಲ. ವಸ್ತುವಿನ ಹೆಸರನ್ನು ಆಂಥೋಸಯನಿನ್ ಅಂತಲೇ ಬಿಡುತ್ತೇನೆ.

(ಪುಂಡಿ ಅಂದಕೂಡಲೇ ನೆನಪಾಯಿತು. ನಾರಿನ ಪುಂಡಿಗೆ ಲಿನ್ನೇಯಸ್ ಇಟ್ಟ ಹೆಸರು ಹೈಬಿಸ್ಕಸ್ ಕ್ಯಾನಬಿನಸ್. ಗಾಂಜಾದಂಥದ್ದು ಅಂತ ಅರ್ಥ, ಎಲೆ ಬೆರಳು ಬಿಡಿಸಿದ ಹಾಗೆ ಸೀಳಿರುವುದಕ್ಕೆ. ಸಂಬಂಧ ಅಷ್ಟೇ, ಪುಂಡಿ ದಾಸವಾಳದ ಬಳಗದ್ದು.)

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಇಂಗ್ಲಿಷ್ ಪುಸ್ತಕದಲ್ಲಿ ‘ಪರ್ಪಲ್ ಲೀವ್ಸ್’ ಅಂದು ಮುಂದೆ ಹೋಗಿಬಿಡುತ್ತಾರೆ. ಎಲೆ ಹುಟ್ಟಿನಿಂದಲೇ ಹಾಗೋ, ಆಮೇಲೆ ಹಾಗಾಯಿತೋ, ಆ ಮಾತಿನಲ್ಲಿ ತಿಳಿಯುವುದಿಲ್ಲ. ಇದು ನನಗೆ ಹೊಳೆದದ್ದು ಜೇವರ್ಗಿ ಕಡೆ ಕಾಕಾನ ಹೊಲದಲ್ಲಿ. ಬದುವಿನ ಮೇಲೆ ಕೆಂಪು ದಂಟಿನ ಪುಂಡಿ, ಒಳಗೆ ತೊಗರಿ. ಎರಡರ ಕಾಂಡವೂ ಕೆಂಪಗೆ ಕಂಡು, ಎರಡಕ್ಕೂ ಒಂದೇ ರೋಗ ಇರಬೇಕು ಅಂದೆ. ಕಾಕಾ ಪುಂಡಿ ತೋರಿಸಿ, "ಇದು ಕೆಂಪದ. ಇದರ ಜಾತೀನೇ ಹಂಗ" ಅಂದ. ತೊಗರಿ ಗಿಡ ಒಂದನ್ನು ಕಿತ್ತು ಕೈಗೆ ಕೊಟ್ಟು, "ಇದು ಕೆಂಪಾಗ್ಯದ ನೋಡು. ನೆಟಿ ಹೊಡದದ" ಅಂದ. ನೆಟಿ ಅಂದರೆ ಗಿಡ ಸೊರಗಿ ಒಣಗುವ ರೋಗ. ಬುಡದಿಂದ ಗೇಣುದ್ದ ಒಂದು ಕೆನ್ನೀಲಿ ಪಟ್ಟಿ ಮೇಲಕ್ಕೆ ಏರಿತ್ತು, ಇನ್ನೊಂದು ಬದಿ ಹಸಿರಾಗೇ ಇತ್ತು. ಕುಡಗೋಲಿನಿಂದ ಸೀಳಿದರೆ ಒಳಗೆ ಕರಿಗೆರೆ. ಬೇರಿನಿಂದ ಹೊಕ್ಕ ಶಿಲೀಂಧ್ರ ನೀರಿನ ದಾರಿ ಕಟ್ಟಿಬಿಟ್ಟಿತ್ತು.

‘ಕೆಂಪದ’, ‘ಕೆಂಪಾಗ್ಯದ’. ಕಾಕಾನ ಆ ಎರಡು ಕ್ರಿಯಾಪದದಲ್ಲಿ ನನ್ನ ಅರ್ಧ ಪಾಠ ಇದೆ. ಗಾಂಜಾ ಗಿಡಕ್ಕೆ ಹಚ್ಚಿ ನೋಡಿ. ಕೆಲವು ತಳಿಗಳು ವಂಶದಿಂದಲೇ ಕೆನ್ನೀಲಿ, ಬೆಳಕು ಗಾಳಿ ಏನೇ ಇರಲಿ ಅವು ಹಾಗೇ ಇರುತ್ತವೆ. ಇನ್ನು ಕೆಲವು ಹಸಿರಾಗಿ ಬೆಳೆದು, ರಾತ್ರಿ ಚಳಿ ಬಿದ್ದಾಗ ಕೆನ್ನೀಲಿಗೆ ತಿರುಗುತ್ತವೆ. ಅದೂ ರೋಗವಲ್ಲ, ಆದರೆ ತಳಿಯಲ್ಲಿ ಆ ಗುಣ ಇರಬೇಕು, ಇಲ್ಲದ ಗಿಡಕ್ಕೆ ಎಷ್ಟು ಚಳಿ ಹೊಡೆದರೂ ಬಣ್ಣ ಏರುವುದಿಲ್ಲ. ಮೂರನೆಯದು ರಂಜಕ (ಫಾಸ್ಫರಸ್) ಸಾಲದೆ ದಂಟು, ಎಲೆ ಕೆಂಪೇರುವುದು. ಇದು ಗಿಡದ ಸಂಕಟ. ಯಾದಗಿರಿ ಕಡೆ ಹತ್ತಿ ಬೆಳೆಯುವವರಿಗೆ ಇದು ಬೇಗ ತಿಳಿಯುತ್ತದೆ. ಮೆಗ್ನೀಸಿಯಂ ಕಡಿಮೆಯಾಗಿ ಚಳಿಯೂ ಸೇರಿದರೆ ಹತ್ತಿ ಎಲೆ ಕೆಂಪಾಗುತ್ತದೆ, ಮರಾಠಿಯವರು ಅದಕ್ಕೆ ‘ಲಾಲ್ಯಾ’ ಅನ್ನುತ್ತಾರೆ. ‘ಇದೆ’, ‘ತಿರುಗಿದೆ’, ‘ಏರಿದೆ’ ಅಂತ ಮೂರಕ್ಕೂ ಮೂರು ಕ್ರಿಯಾಪದ ಬಳಸಿದರೆ ಬೇರೆ ವಿವರಣೆಯೇ ಬೇಡ ಅನ್ನಿಸುತ್ತದೆ. ನಿಮಗೂ ಹಾಗೆ ಕೇಳಿಸುತ್ತದೆಯೇ?

ಬಣ್ಣ ಕಡುವಾದಷ್ಟೂ ನಶೆ ಜಾಸ್ತಿ ಅನ್ನುವ ಮಾತನ್ನು ಹುಡುಗರು ಎಲ್ಲೆಲ್ಲೋ ಓದಿಕೊಂಡು ಬರುತ್ತಾರೆ. ಅದು ಸುಳ್ಳು. ನಶೆ ಬರಿಸುವ ಟಿಎಚ್‌ಸಿ ಅನ್ನುವ ವಸ್ತುವಿಗೆ ಬಣ್ಣವೇ ಇಲ್ಲ. ಕಾನೂನೂ ಬಣ್ಣ ನೋಡುವುದಿಲ್ಲ. 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ‘ಗಾಂಜಾ’ ಅಂದರೆ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಆ ಪದದೊಳಗೆ ಬರುವುದಿಲ್ಲ.

ಹಳದಿಗೂ ಇದೇ ಗೊಂದಲ. ಹಳದಿ ಕೊಡುವ ಕೆರೋಟಿನಾಯ್ಡುಗಳು ಎಲೆಯಲ್ಲಿ ಮೊದಲಿನಿಂದಲೂ ಇರುತ್ತವೆ, ಪತ್ರಹರಿತ್ತು ಕರಗಿದಾಗ ಹೊರಗೆ ಕಾಣುತ್ತವೆ. ವಯಸ್ಸಾಗಿ ಹಳದಿಯಾದರೆ ಎಲೆ ‘ಹಣ್ಣಾಯಿತು’ ಅನ್ನುತ್ತೇವೆ, ಹಣ್ಣೆಲೆ ಎಷ್ಟು ಚೆಂದದ ಪದ. ಸಾರಜನಕ ಸಾಲದಿದ್ದಾಗಲೂ ಕೆಳಗಿನ ಹಳೆ ಎಲೆಯೇ ಮೊದಲು ಹಳದಿ, ಗಿಡ ಅಲ್ಲಿಂದ ಕಿತ್ತು ಮೇಲಿನ ಚಿಗುರಿಗೆ ಕೊಡುತ್ತದೆ. ಕಬ್ಬಿಣ ಸಾಲದಿದ್ದರೆ ಉಲ್ಟಾ, ಚಿಗುರೆಲೆ ಮಂಕಾಗಿ ನರ ಮಾತ್ರ ಹಸಿರು. ಸುಣ್ಣ ಜಾಸ್ತಿ ಇರುವ ಕರಿಮಣ್ಣಿನಲ್ಲಿ ಇದು ಸಾಮಾನ್ಯ. ಇದನ್ನು ‘ಹಣ್ಣಾಯಿತು’ ಅನ್ನಲು ಬರುವುದಿಲ್ಲ. ‘ಬಿಳಿಚಿಕೊಂಡಿದೆ’ ಅಂತ ಬರೆದಿದ್ದೇನೆ, ಹೆದರಿದವರ ಮುಖಕ್ಕೆ ಹೇಳುವ ಹಾಗೆ. ಎಲೆಗೆ ನಡೆಯುತ್ತದೆಯೇ?

ಇನ್ನು ‘ಹಸಿ ಗಾಂಜಾ’. ಪೇಪರಿನಲ್ಲಿ ದಿನಾ ನೋಡುವ ಮಾತು. ಹಸಿ, ಹಸಿರು ಎರಡಕ್ಕೂ ಬೇರು ಒಂದೇ, ಆದರೆ ಇಲ್ಲಿ ಹಸಿ ಅಂದರೆ ಒಣಗದ್ದು ಅಂತ ಮಾತ್ರ. ಈಗಷ್ಟೇ ಕಿತ್ತ ಕೆನ್ನೀಲಿ ಗಿಡವೂ ಹಸಿಯೇ, ಒಣಗಿಯೂ ಹಸಿರಾಗಿರುವ ಎಲೆ ಹಸಿಯಲ್ಲ. ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೇನೆ. ‘ಕಂದು’ ಬಗ್ಗೆ ಮಾತ್ರ ಯೋಚನೆ. ಅದು ಬಣ್ಣದ ಹೆಸರೂ ಹೌದು, ಬಾಡುವ ಕ್ರಿಯೆಯೂ ಹೌದು. ಹೆಣ್ಣು ಹೂವಿನ ಕೂದಲಿನಂಥ ಎಳೆಗಳು ಮೊದಲು ಬಿಳಿ, ಬಲಿತಂತೆ ಕಿತ್ತಳೆ, ಆಮೇಲೆ ಕಂದು. ಮೆಕ್ಕೆಜೋಳದ ತೆನೆಯ ಕೂದಲು ನೋಡಿದವರಿಗೆ ಹೊಸದಲ್ಲ. ‘ಎಳೆಗಳು ಕಂದಿದವು’ ಅಂದರೆ ಬಣ್ಣವೂ ಬಂತು, ಕಾಲವೂ ಬಂತು. ಪಠ್ಯದ ‘ಶಲಾಕಾಗ್ರ’ ಬಿಟ್ಟು ‘ಹೂಗೂದಲು’ ಅಂತ ಹಾಕಿದ್ದೇನೆ.

ಹೂವಿನ ಮೇಲೆ ರಾಳ ತುಂಬಿದ ಸಣ್ಣ ಗುಂಡುತಲೆಯ ರೋಮಗಳಿರುತ್ತವೆ. ಮೊದಲು ಗಾಜಿನಂತೆ ತಿಳಿ, ಆಮೇಲೆ ಹಾಲಿನಂಥ ಮಸುಕು, ಕೊನೆಗೆ ಇಂಗ್ಲಿಷಿನವರು ‘ಆಂಬರ್’ ಅನ್ನುವ ಬಣ್ಣ. ನಡುವಿನದಕ್ಕೆ ಜೋಳದ ಹೊಲದ ಮಾತು ಸಿಕ್ಕಿತು. ತೆನೆ ‘ಹಾಲು ತುಂಬ್ಯದ’ ಅನ್ನುತ್ತೇವಲ್ಲ, ಅದೇ ಥರ ‘ಹಾಲುಬಣ್ಣಕ್ಕೆ ಬಂದಿವೆ’. ಆಂಬರಿಗೆ ಜಾಲಿ ಅಂಟು ನೆನಪಾಯಿತು. ಗಿಡದಿಂದ ಒಸರಿ ಗಟ್ಟಿಯಾದ ಆ ಹೊಂಬಣ್ಣದ ಗುಳಿಗೆ, ಅಂಟಿನ ಉಂಡಿ ಕಟ್ಟುವ ನಮ್ಮ ಮನೆಗಳಲ್ಲಿ ಅಂಟಿನ ಬಣ್ಣ ಯಾರಿಗೆ ಗೊತ್ತಿಲ್ಲ? ‘ಅಂಟುಬಣ್ಣ’ ಅಂತ ಬರೆಯಲೇ? ಮೈಸೂರು, ಮಂಗಳೂರಿನವರಿಗೆ ಅದು ಬರೀ ‘ಅಂಟಿಕೊಳ್ಳುವ ಬಣ್ಣ’ ಅಂತ ಕೇಳಿಸುತ್ತದೆಯೋ ಅನ್ನುವ ಅಳುಕು ಇದೆ, ಆ ಕಡೆಯವರು ದಯವಿಟ್ಟು ಹೇಳಿ.

ಕೊನೆಯದಾಗಿ ಒಂದು. ಮಾವಿನ ಎಳೆ ಚಿಗುರಿನ ಕೆಂಪಿಗೆ ‘ಕೆಂದಳಿರು’ ಅನ್ನುವ ಹಳೆಯ ಪದ ಇದೆ. ಅದೂ ಆಂಥೋಸಯನಿನ್ನೇ, ಎಲೆ ಬಲಿತಂತೆ ಹಸಿರಾಗುತ್ತದೆ. ಅದಕ್ಕೆ ಎದುರಾದದ್ದು, ಹಸಿರಾಗಿ ಬಾಳಿ ಮುಪ್ಪಿನಲ್ಲಿ ಕೆಂಪೇರಿದ ಎಲೆ, ಅದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಊರಿನ ಹೆಸರೂ ಬರೆದು ಕಳಿಸಿ.